ನಲವತ್ತು ಗಂಟಲಿನ ಶಿಷ್ಯ

ಹೊಳೆ ದಂಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಮುಕ್ತಾಂಬ ಮೇಡಂ ಅಂತ ಗುರುಗಳಿದ್ದರು. ಯಂತ್ರಕ್ಕೆ ಕನ್ನಡ ಕೇಳಿಸಿಕೊಳ್ಳೋದನ್ನು ಕಲಿಸುವುದು ಅವರ ಸಂಶೋಧನೆ.

ಅವರಿಗೆ ಇಬ್ಬರು ಶಿಷ್ಯರು. ಒಬ್ಬಳು ವಿನುತಕ್ಕ, ಪಿಎಚ್‌ಡಿ ಮಾಡುತ್ತಿದ್ದವಳು. ಇನ್ನೊಬ್ಬ ನಾನು, ಕೊಟ್ರೇಶ. ಪಿಯುಸಿ ಎರಡು ಸಲ ಓದಿದವನು. ಇಷ್ಟಪಟ್ಟು ಅಲ್ಲ.

ನಾನು ಸೇರಿದ್ದು ಹೀಗೆ. ನಮ್ಮ ಕಾಲೇಜಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿ ಮಾಡಿ ರಜೆ ಕೊಟ್ಟುಬಿಟ್ಟಿದ್ದೆ. ಮುನ್ನೂರು ಹುಡುಗರು ಮನೆಗೆ ಹೋದರು. ಇಬ್ಬರು ಲೆಕ್ಚರರೂ ಹೋದರು.

ಆಮೇಲೆ ನನ್ನನ್ನೂ ಕಳಿಸಿದರು, ಪರ್ಮನೆಂಟಾಗಿ.

ಸುದ್ದಿ ಕೇಳಿ ಮೇಡಂ ಕರೆಸಿದರು.

"ಜನರ ಮಾತು ಅಷ್ಟು ಲಕ್ಷ್ಯ ಕೊಟ್ಟು ಕೇಳ್ತೀಯಾ?"

"ಕೇಳ್ತೀನಿ ಮೇಡಂ."

"ಹಾಗಾದ್ರೆ ನಾಳೆಯಿಂದ ಬಾ."

ಮೇಡಂ ಮಾಡುತ್ತಿದ್ದದ್ದು ಒಂದು ಪೆಟ್ಟಿಗೆ. ಅದನ್ನು ದಂಡೆಯ ಮೇಲೆ ಇಡುವುದು. ಹೊಳೆಗೆ ಇಳಿಯುವವರು, ಡ್ಯಾಮಿನಿಂದ ಇವತ್ತು ನೀರು ಬಿಡುತ್ತಾರಾ ಅಂತ ಅದನ್ನು ಕೇಳುವುದು. ಅದು ಉತ್ತರ ಹೇಳುವುದು. ಡ್ಯಾಮಿನ ಸೈರನ್ ಇಷ್ಟು ದೂರ ಕೇಳಿಸುವುದಿಲ್ಲ. ಮೊಬೈಲಿಗೆ ಸಂದೇಶ ಬರುತ್ತದೆ, ಓದು ಬರುವವರಿಗೆ.

ಪೆಟ್ಟಿಗೆಗೆ ಕಿವಿ ಬರಬೇಕಾದರೆ ದಂಡೆಯ ಊರುಗಳ ನೂರು ಜನರ ದನಿ ಬೇಕಿತ್ತು. ಒಬ್ಬೊಬ್ಬರದೂ ಐವತ್ತು ವಾಕ್ಯ. ಮೇಡಂ ನೂರು ಹೆಸರಿನ ಪಟ್ಟಿ ಕೊಟ್ಟು ನನ್ನನ್ನು ಕಳಿಸಿದರು.

ಅರವತ್ತು ಜನರ ಮನೆಗೆ ಹೋದೆ. ಸತ್ಯವಾಗಿ ಹೋದೆ. ಆಮೇಲೆ ಬಿಸಿಲು ಜೋರಾಯಿತು.

ಉಳಿದ ನಲವತ್ತು ಜನರನ್ನು ಒಂದು ಬೇವಿನ ಮರದ ಕೆಳಗೆ ಮುಗಿಸಿದೆ. ಎಲ್ಲರೂ ನಾನೇ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಒಬ್ಬ ಗೌಡ. ಮೂಗು ಹಿಡಿದುಕೊಂಡು ಒಬ್ಬ ಮೇಷ್ಟ್ರು. ತುಟಿ ಒಳಗೆ ಮಡಚಿಕೊಂಡು ಹಲ್ಲಿಲ್ಲದ ಹದಿನೇಳು ಅಜ್ಜಿಯರು, ಪಟ್ಟಿಯಲ್ಲಿದ್ದ ಅಜ್ಜಿಯರು ಅಷ್ಟೂ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತೀ ಒತ್ತೀ ಕೈಬೆರಳು ಮುಗಿದು ಕಾಲಿಗೆ ಇಳಿದಿದ್ದೆ.

ಆಗ ನಗು ಬಂದಿತ್ತು. ಈಗ ಬರೆಯುವಾಗ ಬರುತ್ತಿಲ್ಲ.

ವಿನುತಕ್ಕ ಆ ದನಿಗಳನ್ನೆಲ್ಲ ಪೆಟ್ಟಿಗೆಗೆ ಕಲಿಸಿದಳು. ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಪರೀಕ್ಷೆ ಮಾಡಿದಾಗ ನೂರಕ್ಕೆ ತೊಂಬತ್ತೇಳು ಬಂತು.

"ಕೊಟ್ರಾ, ನಿನ್ನಿಂದಲೇ ಕಣೋ ಇದು," ಅಂದಳು.

ನಾನು ನೆಲ ನೋಡಿದೆ. ವಿನಯ ಅಂದುಕೊಂಡಳು ಪಾಪ.

ಪೆಟ್ಟಿಗೆ ದಂಡೆಗೆ ಹೋಗುವ ಹಿಂದಿನ ದಿನ, ಮಧ್ಯಾಹ್ನ ಊಟವಾದ ಮೇಲೆ, ಮೇಡಂ ಒಬ್ಬ ಅಜ್ಜಿಯನ್ನು ಕರೆದುಕೊಂಡು ಬಂದರು.

"ಇವರು ದುರುಗವ್ವ," ಅಂದರು. "ನಿನ್ನ ಪಟ್ಟೀಲಿ ಎಪ್ಪತ್ತೆರಡನೆಯವರು. ಗುರುತು ಸಿಕ್ತಾ?"

ಬೇವಿನ ಮರದ ಕೆಳಗಿನ ದುರುಗವ್ವನ ಗುರುತು ನನಗಿತ್ತು. ಈ ದುರುಗವ್ವನನ್ನು ಆವತ್ತೇ ನೋಡಿದ್ದು.

ಡ್ಯಾಮಿನ ಸುದ್ದಿಯನ್ನು ಪೆಟ್ಟಿಗೆಗೆ ಇನ್ನೂ ಜೋಡಿಸಿರಲಿಲ್ಲ. ಮಾತು ತಿಳಿದರೆ ಹಸಿರು ದೀಪ, ತಿಳಿಯದಿದ್ದರೆ ಕೆಂಪು, ಅಷ್ಟೇ.

"ದುರುಗವ್ವ, ನಿನಗೆ ಏನು ಕೇಳಬೇಕು ಅನ್ನಿಸುತ್ತೋ ಅದನ್ನ ಕೇಳು," ಅಂದರು ಮೇಡಂ.

ಅಜ್ಜಿ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ಬಾಗಿದಳು.

"ಇವತ್ತು ಹೊಳಿಗೆ ನೀರು ಬಿಡ್ತಾರೇನಪ್ಪಾ? ನನ್ನ ಮೊಮ್ಮಗಳು ಆಡು ಹೊಡ್ಕೊಂಡು ನಡುಗಡ್ಡಿಗೆ ಹೋಗೈತಿ."

ಕೆಂಪು.

"ಒಳ್ಳೆ ವಾಕ್ಯ, ತುಂಬಾ ಸಹಜವಾಗಿದೆ," ಅಂದಳು ವಿನುತಕ್ಕ. "ಇನ್ನೊಂದು ಸಲ ಹೇಳಿ ಅಜ್ಜಿ."

ಕೇಳಿದಳು. ಕೆಂಪು. ಮತ್ತೆ ಕೇಳಿದಳು. ಮತ್ತೆ ಕೆಂಪು.

"ನಂದೇ ತಪ್ಪವ್ವಾ," ಅಂದಳು ದುರುಗವ್ವ. "ಹಲ್ಲು ಬಿದ್ದಾವು. ಓದಿದೋರ ಪೆಟ್ಟಿಗಿ, ನನ್ನ ಮಾತು ಹೆಂಗ ತಿಳೀಬೇಕು ಅದಕ್ಕ?"

ಮೇಡಂ ನನ್ನ ಕಡೆ ತಿರುಗಿದರು.

"ಕೊಟ್ರೇಶ, ನಿನ್ನ ದುರುಗವ್ವನ್ನ ಕರಿ."

"ಮೇಡಂ..."

"ಕರಿ."

ತುಟಿ ಒಳಗೆ ಮಡಚಿಕೊಂಡೆ. ಆ ಅಜ್ಜಿಯ ಎದುರಿಗೇ ಅವಳ ಮಾತನ್ನು ನನ್ನ ಅಜ್ಜಿ ದನಿಯಲ್ಲಿ ಆಡಿದೆ.

ಫಕ್ಕನೆ ಹಸಿರು.

"ಇದ್ಯಾರ ದನಿ ಮಾಡ್ದೆಪ್ಪಾ?" ಅಂದಳು ದುರುಗವ್ವ.

"ನಿಂದು ಅಜ್ಜೀ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಯ್ಯ ನನ್ನಪ್ಪಾ! ಹಂಗಾದ್ರ ಪೆಟ್ಟಿಗಿ ಏನು ಮಾಡೀತು? ನನ್ನಂಗ ಮಾತಾಡಾಕ ನನಗೇ ಬರವಲ್ದು!"

ಅವಳು ನಗದೆ ಒಂದು ಏಟು ಕೊಟ್ಟಿದ್ದರೆ ಒಳ್ಳೆಯದಿತ್ತು.

ನಗುತ್ತಲೇ ಮತ್ತೆ ಪೆಟ್ಟಿಗೆಯ ಮುಂದೆ ಬಾಗಿ, ಪಾಪ, ನಾನು ಮಾಡಿದ ಹಾಗೆ ತುಟಿ ಮಡಚಿಕೊಂಡು ಕೇಳಿದಳು. ನಾಲ್ಕನೇ ಸಲ.

ಕೆಂಪು.

"ಮೇಡಂ," ಅಂದೆ. "ನಲವತ್ತು ಜನ ನಾನೇ ರೀ."

ವಿನುತಕ್ಕ ದನಿಗಳ ಪಟ್ಟಿ ತೆರೆದು ನನ್ನ ಮುಂದಿಟ್ಟಳು. ನನ್ನನ್ನು ನೋಡಲಿಲ್ಲ. ಅವಳು ಬೈಯುವವಳೇ, ಒಳ್ಳೆ ಬೈಗುಳ ಬರುತ್ತಿದ್ದವು ಅವಳಿಗೆ. ಆವತ್ತು ಒಂದೂ ಬರಲಿಲ್ಲ.

"ಅಳಿಸು," ಅಂದರು ಮೇಡಂ.

ಒಂದೊಂದಾಗಿ ಅಳಿಸಿದೆ. ಗೌಡ ಹೋದ. ಮೇಷ್ಟ್ರು ಹೋದರು. ಹದಿನೇಳು ಅಜ್ಜಿಯರೂ ಹೋದರು. ಮೇಡಂ ಪಕ್ಕದಲ್ಲಿ ನಿಂತು ಒಂದೊಂದು ಹೆಸರನ್ನೂ ನನ್ನ ಕೈಲಿ ಗಟ್ಟಿಯಾಗಿ ಓದಿಸಿದರು. ನನ್ನ ದನಿಯಲ್ಲೇ. ಅದೂ ಯಾರದೋ ಮಿಮಿಕ್ರಿ ಮಾಡಿದ ಹಾಗೆ ಕೇಳಿಸಿತು.

ನಲವತ್ತನೆಯ ಹೆಸರು ಮುಗಿದಾಗ ಬಾಗಿಲ ಹತ್ತಿರದಿಂದ ದುರುಗವ್ವ ಅಂದಳು:

"ಪೆಟ್ಟಿಗಿ ಇರ್ಲಿ ಬಿಡ್ರಿ. ನೀವರ ಹೇಳ್ರಲಾ, ಇವತ್ತು ನೀರು ಬಿಡ್ತಾರೇನು?"

ಮೂವರೂ ಮೊಬೈಲ್ ತೆಗೆದು ನೋಡಿದೆವು.

ಸಂದೇಶ ನಮ್ಮ ಮೂವರ ಮೊಬೈಲಿಗೂ ಬೆಳಿಗ್ಗೆಯೇ ಬಂದಿತ್ತು. ನಾಲ್ಕು ಗಂಟೆಗೆ ನೀರು ಇಲ್ಲಿಗೆ ಮುಟ್ಟುತ್ತದೆ. ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡುಗಡ್ಡೆಗೆ ಹೋದೆ, ಸೊಂಟದುದ್ದದ ನೀರಿನಲ್ಲಿ ವಾಪಸ್ ಬಂದೆ. ಹುಡುಗಿ ನನ್ನ ಹೆಗಲ ಮೇಲಿದ್ದಳು. ಎರಡು ಆಡು ಈಜಿಕೊಂಡು ಹಿಂದೆ ಬಂದವು.

ಮರಿ ಒಂದಿತ್ತು. ಅದು ಬರಲಿಲ್ಲ.

"ಇರ್ಲಿ ಬಿಡಪ್ಪಾ, ಕೂಸು ಬಂತಲ್ಲ," ಅಂದಳು ದುರುಗವ್ವ. ನನ್ನ ತಲೆಯನ್ನು ತನ್ನ ಸೆರಗಿನಿಂದ ಒರೆಸಿ, ಮೊಮ್ಮಗಳ ಕೈ ಹಿಡಿದುಕೊಂಡು ಹೋದಳು. ಆ ಹುಡುಗಿ ಮಾತ್ರ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ, ಮರಿಯ ಹೆಸರು ಹಿಡಿದು ಕೂಗುತ್ತಲೇ ಇದ್ದಳು.

ಮೇಡಂ ದಂಡೆಯಲ್ಲಿ ನಿಂತಿದ್ದರು. ಅವರ ಸೀರೆಯೂ ಮೊಣಕಾಲಿನ ತನಕ ನೆನೆದಿತ್ತು.

"ಮೇಡಂ, ಎಲ್ಲಾ ನನ್ನಿಂದಲೇ ಆಯ್ತು," ಅಂದೆ. "ಏನು ಶಿಕ್ಷೆ ಬೇಕಾದ್ರೂ ಕೊಡ್ರಿ."

ಅವರು ಬಾಗಿ ಸೀರೆಯ ಅಂಚು ಹಿಂಡಿಕೊಂಡರು.

"ದುರುಗವ್ವನ ಮಾತು ಪೆಟ್ಟಿಗೆಗೆ ತಿಳೀಲಿಲ್ಲ. ಅದಕ್ಕೆ ನೀನು ಕಾರಣ," ಅಂದರು. "ನನಗೆ ನಾಲ್ಕು ಸಲವೂ ತಿಳಿದಿತ್ತು ಕೊಟ್ರೇಶ. ಅದಕ್ಕೆ ಯಾರು ಕಾರಣ?"