ದೊರೆಯ ಮೂಕ ಮೈಕ್‌ಸೆಟ್ಟು

"ಕಲ್ಲುಮಂಟಿಯ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ! ದೊರೆ ಬಿರುಮಣ್ಣನವರ ಮೈಕ್‌ಸೆಟ್ಟು ಮೂಕವಾಗಿದೆ. ಮೂರು ಒಗಟು ಬಿಡಿಸಿ ಅದನ್ನು ಮಾತಾಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ಒಂದು ಉತ್ತರ ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುವುದು!"

ಡಂಗುರದವನು ಗಂಟಲು ಹರಿಯುವಂತೆ ಕೂಗುತ್ತಾ ಹೋದ. ಪಾಪ, ಮೈಕ್ ಕೆಟ್ಟಾಗಿನಿಂದ ಅವನ ಗಂಟಲಿಗೆ ಬಿಡುವೇ ಇರಲಿಲ್ಲ.

ಈ ಬಿರುಮಣ್ಣ ಇದ್ದನಲ್ಲ, ಎಂಥ ಸಂಶಯದ ಪ್ರಾಣಿ ಅಂತೀರಿ! ಕೋಟೆ ಬಾಗಿಲ ಮೇಲಿನ ಹಾರ್ನಿನಲ್ಲಿ ಹೊತ್ತುಹೊತ್ತಿಗೂ ಊರನ್ನು ಬೈಯುತ್ತಿದ್ದ. ಆ ಭಾಗ್ಯ ಇನ್ನೊಬ್ಬ ದೊರೆಗೆ ಸಿಕ್ಕೀತು ಅಂತ ಹೊಟ್ಟೆಯುರಿದು, ಮೈಕ್‌ಸೆಟ್ಟಿನ ಪೆಟ್ಟಿಗೆಯ ನಕ್ಷೆಯನ್ನು ಒಲೆಗೆ ಹಾಕಿಸಿದ. ಒಳಗಿನ ಬಿಡಿಭಾಗಗಳ ಮೇಲಿದ್ದ ಅಂಕಿಗಳನ್ನೂ ಕೆರೆಸಿದ. ಪೆಟ್ಟಿಗೆ ಮಾಡಿದವನಿಗೆ ಸಿಟ್ಟು ಬಂತು. ಊರು ಬಿಡುವಾಗ ಮೂರು ಒಗಟನ್ನೂ ಅವುಗಳ ಉತ್ತರವನ್ನೂ ದೊರೆಯ ಕಿವಿಯಲ್ಲಿ ಹೇಳಿ, "ಇದನ್ನು ಬಿಡಿಸಿದವರ ಕೈಯಿಂದ ಮಾತ್ರ ಇದು ರಿಪೇರಿ ಆಗುತ್ತೆ" ಅಂದು ಹೋದ.

ಪೆಟ್ಟಿಗೆ ಕೆಟ್ಟಾಗ ಮೊದಲು ಕರೆಸಿದ್ದು ರಿಪೇರಿ ಕೆಂಚಯ್ಯನನ್ನು. ಅವನಿಗೋ ಬಾಯಿ ನಿಲ್ಲುವುದಿಲ್ಲ. ಮುಚ್ಚಳ ಬಿಚ್ಚಿ ನೋಡಿ, "ದೊರೆ, ಪೆಟ್ಟಿಗೆಗಿಂತ ಮೊದಲು ನಕ್ಷೆ ಸುಟ್ಟ ತಲೆ ರಿಪೇರಿ ಆಗಬೇಕು" ಅಂದುಬಿಟ್ಟ. ತಕ್ಷಣ ಸೆರೆಮನೆ. ಅಮಾವಾಸ್ಯೆಗೆ ಅವನ ತಲೆಯೂ ಹೋಗಬೇಕು ಅಂತ ಆಯಿತು.

ಕೆಂಚಯ್ಯನಿಗೆ ಇದ್ದವಳು ಒಬ್ಬಳೇ ಮಗಳು, ಚಿಕ್ಕತಾಯಿ. ತಾಯಿಯಿಲ್ಲದ ಹುಡುಗಿ, ಅಪ್ಪನ ಪಕ್ಕ ಕೂತು ಬೆಸುಗೆ ಹಾಕುತ್ತಾ ಬೆರಳು ಸುಟ್ಟುಕೊಂಡೇ ಬೆಳೆದವಳು. ಡಂಗುರ ಕೇಳಿದ್ದೇ ಸೀದಾ ಅರಮನೆಗೆ ಬಂದಳು. ಅವಳಿಗಿಂತ ಮುಂಚೆ ಇಬ್ಬರು ಬಂದಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದರು.

ಮೊದಲು ದಳವಾಯಿ ರಣಪ್ಪ. ದೊರೆ ಕೇಳಿದ: "ಬಂದದ್ದನ್ನು ಹೊಟ್ಟೆಯಲ್ಲಿ ತುಂಬಿಟ್ಟುಕೊಂಡು ಮನೆಗೆಲ್ಲ ಸಮನಾಗಿ ಬಡಿಸುತ್ತಾನೆ. ಮುದಿಯಾಗಿ ಹೊಟ್ಟೆ ಉಬ್ಬಿದರೆ ಮನೆಯೆಲ್ಲ ಗುಂಯ್ ಅನ್ನುತ್ತದೆ. ಯಾರವನು?"

"ನಮ್ಮ ಉಗ್ರಾಣದವನು!" ಅಂದ ರಣಪ್ಪ. ಅಷ್ಟು ಸಾಲದು ಅಂತ ಪೆಟ್ಟಿಗೆಯ ನೆತ್ತಿಗೆ ಪಟಾರನೆ ಒಂದು ಏಟನ್ನೂ ಕೊಟ್ಟ. ಭಟರು ಎಳೆದುಕೊಂಡು ಹೋದರು.

ಆಮೇಲೆ ರೇಡಿಯೋ ಪೆಟ್ಟಿಗೆ ವ್ಯಾಪಾರಿ ಸಂಪಂಗಿ. ಅವನು ಮೊದಲನೆಯದನ್ನು ಹೇಗೋ ದಾಟಿದ. ದೊರೆ ಎರಡನೆಯದನ್ನು ಕೇಳಿದ: "ನೋಡಿದರೆ ಇಬ್ಬರೂ ಅಂಟಿಕೊಂಡೇ ಇದ್ದಾರೆ. ತಣ್ಣಗಿದ್ದಾಗ ಇವರ ಮಾತು ಅವರಿಗೆ ಮುಟ್ಟುತ್ತದೆ. ಬಿಸಿಯೇರಿತೋ, ಮುಟ್ಟುವುದಿಲ್ಲ. ಏನದು?"

"ಗಂಡ ಹೆಂಡತಿ!" ಅಂದ ಸಂಪಂಗಿ.

ಸಭೆ ಕಿಸಕ್ಕನೆ ನಕ್ಕಿತು. ದೊರೆಯ ಪಕ್ಕದ ಆಸನ ಖಾಲಿ ಇತ್ತು, ರಾಣಿ ಮುನಿಸಿಕೊಂಡು ತವರಿಗೆ ಹೋಗಿದ್ದಳು. ದೊರೆಯ ಮುಖ ಕೆಂಡವಾಯಿತು. "ಇವನನ್ನು ಕತ್ತಲೆ ಕೋಣೆಗೆ ನೂಕಿ!"

ಚಿಕ್ಕತಾಯಿ ಒಳಗೆ ಬಂದಳು. "ಓಹೋ, ಆ ಬಾಯಿಬಡುಕನ ಮಗಳೋ? ನಿನ್ನ ತಲೆಗೂ ಜಾಗ ಇದೆ ಬಾ" ಅಂದ ದೊರೆ.

ಅವೇ ಒಗಟುಗಳನ್ನು ಕೇಳಿದ. ಮೊದಲನೆಯದಕ್ಕೆ ಅವಳು "ಕಂಡೆನ್ಸರ್, ದೊರೆ. ಬಂದ ಕರೆಂಟನ್ನ ತುಂಬಿಟ್ಟುಕೊಂಡು ಸಮನಾಗಿ ಹಂಚುತ್ತೆ. ಅದು ಉಬ್ಬಿದ್ರೆ ಸೆಟ್ಟು ಗುಂಯ್ ಅನ್ನುತ್ತೆ" ಅಂದಳು. ಎರಡನೆಯದಕ್ಕೆ "ಬಿಟ್ಟುಹೋದ ಬೆಸುಗೆ. ಮೇಲೆ ನೋಡೋಕೆ ಗಟ್ಟಿ, ಕಾದ್ರೆ ಒಳಗೆ ಬಾಯಿ ಬಿಡುತ್ತೆ" ಅಂದಳು.

ಎರಡೂ ಸರಿ. ದೊರೆ ಹಲ್ಲು ಕಡಿದು ಮೂರನೆಯದನ್ನು ಕೇಳಿದ: "ನಕ್ಷೆ ಬೂದಿಯಾಯಿತು. ಬರೆದವನು ಊರಲ್ಲಿಲ್ಲ. ಈಗ ನಕ್ಷೆ ಯಾರ ಹತ್ತಿರ ಇದೆ?"

"ಪೆಟ್ಟಿಗೆ ಹತ್ತಿರಾನೇ ಇದೆ. ರಂಗೋಲಿ ಪುಡಿ ತರಿಸಿ, ತೋರಿಸ್ತೀನಿ."

ಪೆಟ್ಟಿಗೆ ಬಿಚ್ಚಿ ಬೋರಲು ಹಾಕಿದಳು. ಸದ್ದು ಹೊರಡುವ ಕೊನೆಯಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು ಅನ್ನುವುದು ಅಪ್ಪ ಕಲಿಸಿದ ಪಾಠ. ಹಾಗಾಗಿ ಹಾರ್ನಿನ ತಂತಿ ಹಿಡಿದು, ಬೆಸುಗೆಗೊಂದು ಚುಕ್ಕಿ, ತಂತಿಗೊಂದು ಎಳೆ ಹಾಕುತ್ತಾ ಮೈಕಿನ ಕಡೆಗೆ ಹೊರಟಳು.

"ಅಂಕಿ ಇಲ್ಲದ್ದು ಏನಂತ ಹೇಗೆ ಗೊತ್ತಾಗುತ್ತದೆ?" ಗದರಿದ ದೊರೆ.

"ಅಕ್ಕಪಕ್ಕದವು ಏನು ಕೇಳ್ತವೆ ಅಂತ ನೋಡಿದ್ರೆ ಇದು ಏನು ಕೊಡಬೇಕು ಅಂತ ಗೊತ್ತಾಗುತ್ತೆ."

ನೋಡನೋಡುತ್ತಾ ಸಭೆಯ ನೆಲದ ಮೇಲೆ ಪೆಟ್ಟಿಗೆಯ ಹೊಟ್ಟೆಯೆಲ್ಲ ರಂಗೋಲಿಯಾಗಿ ಹರಡಿತು. ಸೆಟ್ಟು ಆನ್ ಆದಾಗ ಹತ್ತುವ ಕೆಂಪು ದೀಪಕ್ಕೂ ಮೂಲೆಯಲ್ಲೊಂದು ಸುಳಿ ಹಾಕಿದಳು. ಆ ದೀಪವೂ ಸುಟ್ಟುಹೋಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉಬ್ಬಿದ ಕಂಡೆನ್ಸರ್ ಕಿತ್ತು ಹೊಸದು ಹಾಕಿದಳು. ಬಿಟ್ಟ ಬೆಸುಗೆಗಳನ್ನು ಮತ್ತೆ ಕೂಡಿಸಿದಳು. "ಹಲೋ, ಹಲೋ" ಅಂದಳು. ಹಾರ್ನೂ ಹಾಗೇ ಅಂದಿತು! ಹೊರಗೆ ನೆರೆದ ಜನ ಹೋ ಎಂದರು.

"ನಮ್ಮಪ್ಪನ್ನ ಬಿಡಿ ದೊರೆ. ಈ ನಕ್ಷೆನ ಕೋಟೆ ಗೋಡೆ ಮೇಲೆ ಬರೆಸಿ. ನಾಳೆ ಇನ್ನೊಬ್ಬರು ಇದಕ್ಕಾಗಿ ಸಾಯೋದು ಬೇಡ" ಅಂದಳು.

"ಆಗಲಿ, ಆಗಲಿ. ಹೊರಗೆ ಹೋಗಿ ಕಾದಿರು" ಅಂದ ದೊರೆ, ಜೇನು ಸುರಿಸುತ್ತಾ.

ಚಿಕ್ಕತಾಯಿ ಮೈಕನ್ನು ಅವನ ಎದುರಿಗಿಟ್ಟು ಹೋದಳು. ದೊರೆ ಪೆಟ್ಟಿಗೆಯ ಕೆಂಪು ದೀಪ ನೋಡಿದ. ಅದು ಉರಿಯುತ್ತಿರಲಿಲ್ಲ. ಆಫ್ ಆಗಿದೆ ಅಂದುಕೊಂಡು ಮಂತ್ರಿಯ ಕಡೆ ತಿರುಗಿದ. "ಅಪ್ಪ ಮಗಳು ಇಬ್ಬರನ್ನೂ ಈಗಲೇ ಮುಗಿಸು. ರಂಗೋಲಿ ಗುಡಿಸಿಹಾಕು. ಕೊಟ್ಟ ಮಾತಂತೆ, ಮಣ್ಣಂತೆ! ಹೊರಗಿರುವ ಕುರಿಗಳಿಗೆ ಏನು ತಿಳಿಯುತ್ತದೆ?"

ಕುರಿಗಳಿಗೆ ಎಲ್ಲವೂ ತಿಳಿಯಿತು. ಕೋಟೆ ಬಾಗಿಲ ಮೇಲಿಂದ ಒಂದಕ್ಷರ ಬಿಡದೆ ಹಾರ್ನು ಒದರಿತ್ತು. ಕಾವಲುಗಾರರೂ ಕೇಳಿಸಿಕೊಂಡರು. ಅವರ ಅಣ್ಣತಮ್ಮಂದಿರೂ ಆ ಜನದಲ್ಲೇ ಇದ್ದರು. ಬಾಗಿಲು ಕಾಯುವವರೇ ಬಾಗಿಲು ತೆಗೆದರು. ಜನ ಒಳಗೆ ನುಗ್ಗಿ, ದೊರೆಯನ್ನು ಸುತ್ತುವರಿದು ನಿಂತರು. ಬಿರುಮಣ್ಣ ಸೊಂಟದಿಂದ ಸೆರೆಮನೆಯ ಬೀಗದ ಕೈ ಬಿಚ್ಚಿಕೊಟ್ಟ.

ರಣಪ್ಪ, ಸಂಪಂಗಿ ಬದುಕಿದೆಯಾ ಬಡಜೀವವೇ ಅಂತ ಓಡಿದರು. ರಂಗೋಲಿಯ ನಕ್ಷೆ ಅವತ್ತೇ ಸುಣ್ಣದಲ್ಲಿ ಕೋಟೆ ಗೋಡೆಗೇರಿತು.

ಕೆಂಚಯ್ಯ ಹೊರಗೆ ಬಂದವನು ಮಗಳ ಮುಖ ಕೂಡ ನೋಡದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಏನೇ ಇದು, ದೀಪ ಹಾಗೇ ಬಿಟ್ಟಿದ್ದೀಯ? ಅರೆಬರೆ ಕೆಲಸ ಮಾಡೋದನ್ನ ನಾನು ಕಲಿಸಿದ್ನಾ?"

ಚಿಕ್ಕತಾಯಿ ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಒಮ್ಮೆಲೇ ಬಂತು. "ನೀನು ಹೊರಗೆ ಬಂದಮೇಲೆ ಹಾಕೋಣ ಅಂತಿದ್ದೆ ಅಪ್ಪ" ಅಂದಳು.