ಮಡಿಲು ಕೊಡವಿಸಿದ ಹೊನ್ನಾಜಮ್ಮನ ಕಥೆ

ಕಾರ್ತಿಕ ಮಾಸದ ಶುಕ್ಲ ಪಕ್ಷ, ದಶಮಿ, ಸೋಮವಾರದ ದಿನ ಮುದ್ದೇಗೌಡನು ಮೊದಲ ಸಲ ಹೆಂಡತಿಯ ಮನೆ ಬಿಟ್ಟು ನಡೆದನು. ಕಾಫಿಯ ಕಣ ಕಾಯುವ ಕಣದಮ್ಮನ ಕಥೆಯನ್ನು ಅಲ್ಲಿಂದಲೇ ಹಿಡಿಯಬೇಕು. ದೀಪಕ್ಕೆ ಎಣ್ಣೆ ಎರೆದು, ಮಡಿಲಲ್ಲಿ ಹಿಡಿ ಅಕ್ಕಿ ಇಟ್ಟುಕೊಂಡು, ಮಕ್ಕಳ ಗದ್ದಲ ಅಡಗಿಸಿ ಕೇಳುವಂಥವರಾಗಿರಿ.

ಬಿಳಿ ದೊರೆಗಳು ಬೆಟ್ಟಬೆಟ್ಟಕ್ಕೂ ಬೇಲಿ ಹಾಕಿ ಕಾಫಿ ನೆಡುತ್ತಿದ್ದ ಕಾಲವದು. ಆ ತೋಟಗಳ ನಡುವೆ ಬಿಲ್ಲಹಳ್ಳವೆಂಬ ಒಂದು ತೋಟ ಮಾತ್ರ ಹೆಣ್ಣಿನ ಹೆಸರಿನಲ್ಲಿತ್ತು. ಆ ಹೆಣ್ಣೇ ಹೊನ್ನಾಜಮ್ಮ. ತಂದೆಗೆ ಒಬ್ಬಳೇ ಮಗಳಾದ್ದರಿಂದ, ತಂದೆ ಕಣ್ಣುಮುಚ್ಚುವಾಗ ಬೀಗದಕೈ ಗೊಂಚಲನ್ನು ಅಳಿಯನ ಕೈಗೆ ಕೊಡದೆ ಮಗಳ ಸೊಂಟಕ್ಕೆ ಸಿಕ್ಕಿಸಿ ಹೋದನು. ಅಳಿಯ ಮುದ್ದೇಗೌಡನಾದರೋ ಚಿಕ್ಕಂದಿನಲ್ಲೇ ಮಠದ ಓದು ಬಿಟ್ಟವನು, ಕೂತಲ್ಲಿ ಕೂರದವನು, ಎತ್ತಿನ ಗಾಡಿಯ ಗೆಜ್ಜೆ ಕೇಳಿಸಿದರೆ ಸಾಕು, ಅಂಗಾಲು ತುರಿಸುವವನು.

ಹೊನ್ನಾಜಮ್ಮ ತೋಟವನ್ನು ಗಂಡಸಿಗಿಂತ ಮಿಗಿಲಾಗಿ ಮಾಡಿದಳು. ಮಂಜು ಹರಿಯುವ ಮೊದಲೇ ತಂದೆಯ ಕೋಟು ತೊಟ್ಟು ಹೊರಟು, ಯಾವ ಮರದ ನೆರಳು ಹೆಚ್ಚಾಯಿತು, ಯಾವ ಗಿಡದ ಕಾಂಡಕ್ಕೆ ಹುಳು ಹೊಕ್ಕಿತು ಎಂದು ನೋಡಿ, ಕಣದಲ್ಲಿ ಹರವಿದ ಕಾಫಿಯನ್ನು ಕಾಲಿನಿಂದಲೇ ತಿರುವಿ, ಒಣಗಿದ್ದನ್ನು ಗಾಡಿಗೆ ಹೇರಿ ಮಂಗಳೂರಿನ ಹಾದಿಗೆ ಇಳಿಸುವಳು. ಆದರೂ ಪಕ್ಕದ ತೋಟದ ದೊರೆ ಕುದುರೆಯ ಮೇಲೆ ಹೋಗುತ್ತ, ತನ್ನ ಹರುಕು ಕನ್ನಡದಲ್ಲಿ, “ಏನಮ್ಮಾ, ಇದು ತೋಟವೋ, ಅಡುಗೆಮನೆಯೋ?” ಎಂದು ನಗುವನು. ಆ ನಗೆ ಅವಳ ಕಿವಿ ಹೊಕ್ಕದ್ದು ಹೊರಡಲೇ ಇಲ್ಲ.

ಆ ತೋಟಕ್ಕೆ ಒಂದು ವ್ರತವಿದ್ದಿತು. ಕಣದ ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲು, ಅವಳೇ ಕಣದಮ್ಮ. ಹಣ್ಣು ಕೊಯ್ಯಲು ಕೈಹಚ್ಚುವ ದಿನ ಪ್ರತಿ ಆಳುಹೆಣ್ಣೂ ಮೊದಲ ಹಿಡಿಯನ್ನು ಬುಟ್ಟಿಗೆ ಹಾಕದೆ ಮಡಿಲಿಗೆ ಹಾಕಿಕೊಳ್ಳಬೇಕು. ಸಂಜೆ ಅದನ್ನು ಕಣದಮ್ಮನ ಮುಂದೆ ಸುರಿಯಬೇಕು. ಹಾಗೆ ಬರಿದಾದ ಮಡಿಲನ್ನು ತೋಟದ ಒಡತಿ ಅಕ್ಕಿ, ಬೆಲ್ಲ, ಕಾಯಿ, ಅರಿಸಿನದಿಂದ ತನ್ನ ಕೈಯಾರೆ ತುಂಬಬೇಕು. ಕಡೆಯವಳ ಮಡಿಲು ತುಂಬುವವರೆಗೆ ಒಡತಿ ಬಾಯಿಗೆ ನೀರನ್ನೂ ಹಾಕಬಾರದು. ಹೊನ್ನಾಜಮ್ಮನ ತಾಯಿ ಇದನ್ನು ಬಿಡದೆ ನಡೆಸಿದ್ದಳು. ಹೊನ್ನಾಜಮ್ಮನೋ, ದೊರೆ ಕಂಡರೆ ಮತ್ತಷ್ಟು ನಗುವನೆಂದು ವ್ರತವನ್ನು ಬಿಟ್ಟಳು. ಬಿಟ್ಟದ್ದಲ್ಲದೆ, ದೊರೆಯ ತೋಟದಲ್ಲಿ ನಡೆಯುವಂತೆ ತನ್ನ ಗೇಟಿನಲ್ಲಿಯೂ ಸಂಜೆ ಹೆಣ್ಣಾಳುಗಳನ್ನು ಸಾಲಾಗಿ ನಿಲ್ಲಿಸಿ, ಹಣ್ಣು ಕದ್ದಿರಬಹುದೆಂದು ಮಡಿಲು ಕೊಡವಿಸತೊಡಗಿದಳು.

ಆ ಸೋಮವಾರ ಕೊಯ್ಲಿಗೆ ಕೈಹಚ್ಚಿದ ದಿನ. ಮುದ್ದೇಗೌಡನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಇವತ್ತು ಮಡಿಲು ತುಂಬೋ ದಿನ ಅಲ್ಲವೇನೇ? ಅತ್ತೆ ಇದ್ದಿದ್ದರೆ ಇಷ್ಟುಹೊತ್ತಿಗೆ ಬೆಲ್ಲ ಕುಟ್ಟಿಸುತ್ತಿದ್ದರು,” ಎಂದನು. ಹೊನ್ನಾಜಮ್ಮ ಸಿಡುಕಿ, “ಕೂತು ಉಣ್ಣೋರಿಗೆ ಧರ್ಮ ಬಹಳ ನೆನಪಾಗ್ತದೆ,” ಎಂದಳು. ಅವನು ಎದ್ದು ಗಂಟು ಕಟ್ಟಿಕೊಂಡು ಹೊರಟನು. ಗೇಟಿನಲ್ಲಿ ಹೊನ್ನಾಜಮ್ಮ ಕಾವಲಿನವನಿಗೆ, “ಗಂಟು ಬಿಚ್ಚಿಸು, ನಮ್ಮಪ್ಪನ ಮನೆಯದೇನಾದರೂ ಹೊರಟೀತು,” ಎಂದಳು. ಗಂಟಿನಿಂದ ಒಂದು ಅಂಗಿ, ಒಂದು ಬಾಚಣಿಗೆ, ಹಿಡಿ ಹುರಿಗಡಲೆ ಬಿದ್ದವು. ಮುದ್ದೇಗೌಡನು ಕುಕ್ಕರಗಾಲಿನಲ್ಲಿ ಕೂತು ಕಡಲೆಯನ್ನು ಆರಿಸಿ, ಮಣ್ಣು ಊದಿ, ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಘಟ್ಟದ ಹಾದಿ ಹಿಡಿದನು.

ಮರುವರ್ಷ ಕೊಯ್ಲು ಬಂದಿತು. ಘಟ್ಟದ ಕೆಳಗಿನಿಂದ ಬಂದವರಲ್ಲಿ ತುಕ್ರು ಎಂಬ ಬಸುರಿ ಹೆಣ್ಣೊಬ್ಬಳಿದ್ದಳು. ಒಡತಿ ವ್ರತ ಬಿಟ್ಟರೂ ಆಳುಗಳು ತಮ್ಮ ಪಾಲಿನದನ್ನು ಬಿಟ್ಟಿರಲಿಲ್ಲ. ಗೇಟು ದಾಟುವ ಮೊದಲೇ ಯಾರಿಗೂ ಕಾಣದಂತೆ ಕಲ್ಲಿನ ಮುಂದೆ ಹಣ್ಣು ಸುರಿದು ಹೋಗುವರು. ತುಂಬುಬಸುರಿ ತುಕ್ರು ಇಳಿಜಾರಿನಲ್ಲಿ ಹಿಂದೆ ಬಿದ್ದು, ಕಣಕ್ಕೆ ಹೋಗಲಾಗದೆ, ನೇರವಾಗಿ ಸಾಲಿಗೆ ಬಂದು ನಿಂತಳು. ಮಡಿಲು ಕೊಡವಿದಾಗ ಕೆಂಪು ಹಣ್ಣು ಎಲ್ಲರ ಕಾಲಬುಡಕ್ಕೆ ಉರುಳಿತು.

“ಏನೇ ತುಕ್ರು, ಹೊಟ್ಟೆಯಲ್ಲಿರೋದು ಕೂಸೋ, ನನ್ನ ಕಾಫಿಯೋ?” ಎಂದಳು ಹೊನ್ನಾಜಮ್ಮ.

ತೋಟದ ಲೆಕ್ಕ ಬರೆಯುವ ರೈಟರು ಒಬ್ಬನೇ ನಕ್ಕನು. ತುಕ್ರು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, “ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ ಅಮ್ಮಾ. ಕಣದಮ್ಮನದು,” ಎಂದಳು. ಹೊನ್ನಾಜಮ್ಮನ ಮುಖ ಕಾದಿತು. ಮಡಿಲು ತುಂಬುತ್ತಿದ್ದ ತನ್ನ ತಾಯಿಯ ಕೈ ಕಣ್ಣಮುಂದೆ ಬಂದಿತು. ಆದರೂ ಸಾಲಿನವರೆಲ್ಲ ನೋಡುತ್ತಿದ್ದರೆಂದು ಬಿಗಿದುಕೊಂಡೇ ನಿಂತು, “ಮುಂದಿನವಳು ಬರಲಿ,” ಎಂದಳು.

ಬೆಳಗಾಗಿ ನೋಡಿದರೆ ಕಣದಲ್ಲಿ ಬುಟ್ಟಿಗಳೆಲ್ಲ ಬೋರಲು, ಗೇಟಿನಾಚೆ ಆಳುಗಳಿದ್ದ ಲೈನುಮನೆಗಳು ಖಾಲಿ. ಆಳುಗಳೆಲ್ಲ ತುಕ್ರುವನ್ನು ನಡುವೆ ನಡೆಸಿಕೊಂಡು ಘಟ್ಟ ಇಳಿದಿದ್ದರು. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರಿತು. ಚೈತ್ರದಲ್ಲಿ ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಸುತ್ತಲ ಬೆಟ್ಟಕ್ಕೆಲ್ಲ ಬಿದ್ದು ಬಿಲ್ಲಹಳ್ಳವನ್ನು ಬಳಸಿ ಹೋಯಿತು. ಮೊಗ್ಗು ಸುಟ್ಟವು, ಕಾಂಡಗಳಿಗೆ ಹುಳು ಹೊಕ್ಕಿತು. ಹೊಸ ಆಳು ಹುಡುಕಲು ಮೇಸ್ತ್ರಿ ಸಂತೆಗೆ ಹೋದರೆ, “ಅಲ್ಲಿಗಾ? ಬಸುರಿಯ ಮಡಿಲು ಕೊಡವಿಸಿದಲ್ಲಿಗಾ?” ಎಂದು ಮುಖ ತಿರುಗಿಸಿದರು. ಇದೆಲ್ಲವನ್ನೂ ತಡೆದುಕೊಂಡಾಳು ಹೊನ್ನಾಜಮ್ಮ, ತಡೆಯಲಾಗದ್ದು ಮತ್ತೊಂದು. ನೆಂಟರ ಮನೆಯ ಸೀಮಂತಕ್ಕೆ ಹೋದರೆ, ಅವಳು ಒಳಗೆ ಕಾಲಿಟ್ಟೊಡನೆ ಹೆಂಗಸರೆಲ್ಲ ತಮಗೇ ಅರಿವಿಲ್ಲದಂತೆ ಮಡಿಲ ಸೆರಗನ್ನು ಬಿಗಿಹಿಡಿದುಕೊಂಡರು. ಅವಳು ಎಲೆಯ ಮುಂದೆ ಕೂರದೆ ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದು, ಕಣದಮ್ಮನ ಕಲ್ಲಿಗೆ ಬೆನ್ನು ಮಾಡಿ ಕೂತಳು. ಮುಖ ಕೊಡಲು ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಮುದ್ದೇಗೌಡನು ಬಂದನು. ಗೇಟು ದಾಟುವ ಮೊದಲು, ಯಾರೂ ಕೇಳದಿದ್ದರೂ, ತಾನಾಗಿಯೇ ಗಂಟು ಬಿಚ್ಚಿ ಕೊಡವಿ, ಎದುರು ಬಂದ ಹೆಂಡತಿಗೆ, “ನೋಡಿಕೋ,” ಎಂದನು. ಅವನು ಅದನ್ನು ಕೊಂಕಿಗೆ ಮಾಡಲಿಲ್ಲ, ಆ ಮನೆಯ ಪದ್ಧತಿಯೆಂದೇ ಮಾಡಿದನು. ಹೊನ್ನಾಜಮ್ಮನಿಗೆ ನೆಲ ಬಿರಿಯಬಾರದೇ ಎನಿಸಿತು.

ಉಂಡ ಮೇಲೆ ಅವನೆಂದನು: “ಘಟ್ಟದ ಕೆಳಗೆ ಹೆಂಗಸರು ಒಂದು ಕಥೆ ಹೇಳ್ತಾರೆ. ಅದರಲ್ಲಿ ನೀನಿದ್ದೀಯ. ಹೆಸರು ಮಾತ್ರ ಬಾಯಲ್ಲಿ ತರೋದಿಲ್ಲ, ಕೊಡವಿಸಿದಮ್ಮ ಅಂತಾರೆ.”

“ಈಗ ನಾನೇನು ಮಾಡಲಿ?”

“ನಾನೇನು ಓದಿದವನಾ? ನನಗೆ ಹಾದಿ ಒಂದು ಗೊತ್ತು. ತುಕ್ರು ಮನೆ ಹಾದಿ.”

ಗಾಡಿ ಬೇಡವೆಂದಳು. ಅಕ್ಕಿ, ಬೆಲ್ಲ, ಕಾಯಿ, ಅರಿಸಿನವನ್ನು ತಾನೇ ಹೊತ್ತು, ಗಂಡನ ಹಿಂದೆ ಬರಿಗಾಲಲ್ಲಿ ಘಟ್ಟ ಇಳಿದು, ತುಕ್ರುವಿನ ಅಂಗಳಕ್ಕೆ ಬಂದಳು. ತುಕ್ರು ಸೊಂಟದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೇರಿಯವರೆಲ್ಲ ಕೂಡಿದರು. ಹೊನ್ನಾಜಮ್ಮ ಹೊತ್ತದ್ದನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡಲಾರದೆ, ತನ್ನ ಮಡಿಲನ್ನು ಬಿಚ್ಚಿ ಎಲ್ಲರೆದುರು ಕೊಡವಿದಳು. ಸೊಂಟದಲ್ಲಿದ್ದ ಬೀಗದಕೈ ಗೊಂಚಲು ಝಣ್ಣೆಂದು ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ತುಕ್ರು ಕೂಸನ್ನು ಎತ್ತಿಕೊಂಡೇ ಒಳಗೆ ಹೋಗಿ, ಹಿಡಿ ಕುಚ್ಚಲಕ್ಕಿ ತಂದು ಆ ಬರಿದಾದ ಮಡಿಲಿಗೆ ಹಾಕಿದಳು. ಬೀಗದಕೈಯನ್ನು ಹೆಕ್ಕಿ, ಮಣ್ಣು ಒರೆಸಿ ಕೊಟ್ಟಳು. “ಬರ್ತೇವೆ ಅಮ್ಮಾ. ಗೇಟಿನಲ್ಲಿ ಮಾತ್ರ ನಿಲ್ಲೂದಿಲ್ಲ,” ಎಂದಳು. ಹೊನ್ನಾಜಮ್ಮ ತಲೆಯಾಡಿಸಿ, ತಾನು ಹೊತ್ತು ತಂದದ್ದನ್ನು ತುಕ್ರುವಿನ ಮಡಿಲಿಗೆ ತುಂಬಿದಳು.

ಆಳುಗಳು ಘಟ್ಟ ಹತ್ತಿ ಬಂದರು. ಅಳಿದುಳಿದ ಹಣ್ಣಿನ ಕೊಯ್ಲಿಗೆ ಕೈಹಚ್ಚಿದ ದಿನ ಹೊನ್ನಾಜಮ್ಮ ಉಪವಾಸವಿದ್ದು, ಕಣದಮ್ಮನಿಗೆ ದೀಪವಿಟ್ಟು, ಮಡಿಲು ತುಂಬಲು ಕೂತಳು. ದೊರೆ ಕುದುರೆ ನಿಲ್ಲಿಸಿ ಎಂದಿನ ನಗೆ ನಕ್ಕನು. ಆ ದಿನ ಅದು ಅವಳ ಕಿವಿಗೆ ಬೀಳಲಿಲ್ಲ. ಚೈತ್ರದಲ್ಲಿ ಹೂಮಳೆ ಬಿಲ್ಲಹಳ್ಳದ ಮೇಲೆಯೇ ಮೊದಲು ಇಳಿದು, ತೋಟವೆಲ್ಲ ಬೆಳ್ಳಗೆ ಹೂಬಿಟ್ಟು, ಗಿಡದ ರೆಂಬೆ ಹಣ್ಣಿನ ಭಾರಕ್ಕೆ ನೆಲ ಮುಟ್ಟಿತು. ಐಶ್ವರ್ಯ ಬಂದಿತು, ನಾಚಿಕೆ ಹೋಗಲಿಲ್ಲ. ತುಕ್ರುವಿನ ಮಡಿಲಿಗೆ ಅಕ್ಕಿ ಹಾಕುವಾಗ ಹೊನ್ನಾಜಮ್ಮ ಪ್ರತಿ ವರ್ಷವೂ ಅವಳ ಮುಖ ನೋಡಲಾರದೆ ತಲೆ ತಗ್ಗಿಸುವಳು. ಹಾಗೆ ನೋಡದೆ ಹಾಕಿದ ಕೈಯಿಂದ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಈ ಕಥೆಯನ್ನು ಹೇಳಿದವರ ಕಣ ತುಂಬಲಿ, ಕೇಳಿದವರ ಮಡಿಲು ತುಂಬಲಿ. ತಪ್ಪಿ ನಡೆದವರಿಗೆ ತಿರುಗಿ ಹೋಗುವ ಹಾದಿ ಕಾಣಲಿ. ಹೊನ್ನಾಜಮ್ಮನಿಗೆ ಒಲಿದ ಕಣದಮ್ಮ ದೀಪದ ಸುತ್ತ ಕೂತ ನಮಗೂ ಒಲಿಯಲಿ.

ಇನ್ನು ಮುದ್ದೇಗೌಡ. ಆ ಮೊದಲ ವರ್ಷ ವ್ರತ ಮುಗಿದು ಮಡಿಲಕ್ಕಿಯ ಅನ್ನ ಉಂಡ ಮಾರನೆಯ ಬೆಳಿಗ್ಗೆ ಅವನ ಅಂಗಾಲು ತುರಿಸಿತು. ಜಗಲಿಯ ಮೇಲೆ ಬಟ್ಟೆ ಹಾಸಿ ಅಂಗಿ, ಬಾಚಣಿಗೆ ಇಟ್ಟು, “ಹೋದ ಕಡೆ ಈ ಕಥೆ ಹೇಳ್ತೀನಿ. ಹೆದರಬೇಡ, ಹೆಸರು ಎತ್ತೋದಿಲ್ಲ,” ಎಂದನು.

ಹೊನ್ನಾಜಮ್ಮ, “ನನ್ನ ಹೆಸರು ಹಿಡಿದೇ ಹೇಳಿ,” ಎಂದಳು. ಆಮೇಲೆ ಒಳಗಿನಿಂದ ಹುರಿಗಡಲೆ ತಂದು, ಬಟ್ಟೆಯಲ್ಲಿ ಮತ್ತೇನಿದೆಯೆಂದು ನೋಡದೆ, ಮುಖ ಆಚೆ ಮಾಡಿಕೊಂಡೇ ಅದರೊಳಗೆ ಸುರಿದು, ನಾಲ್ಕು ಚುಂಗನ್ನೂ ಕೂಡಿಸಿ ತಾನೇ ಗಂಟು ಬಿಗಿಯತೊಡಗಿದಳು.