ಗುರುಗಳ ಹಿಂದೆ ಹಿಮಾಲಯ

ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಗುರು ಅಡವಯ್ಯನವರು ಅಲ್ಲಿ ಸಂಜೆ ಪ್ರವಚನ ಹೇಳುತ್ತಿದ್ದರು. ಶಿಷ್ಯ ತೋಂಟೇಶ ಅದನ್ನು ಕಂಪ್ಯೂಟರಿನ ಮೂಲಕ ದೂರದೂರಿನ ಭಕ್ತರಿಗೆ ನೇರವಾಗಿ ತೋರಿಸುತ್ತಿದ್ದ.

ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆ. ಅದರಲ್ಲಿ ತಂತ್ರಾಂಶಗಳು ಪ್ಯಾಕೇಜುಗಳಾಗಿ ಬರುತ್ತವೆ. ಒಂದು ಪ್ಯಾಕೇಜು ಕೆಲಸ ಮಾಡಲು ಇನ್ನೊಂದರ ನೆರವು ಬೇಕು. ಅಂದರೆ, ಅಲ್ಲಿ ಯಾವುದೂ ಒಂಟಿಯಾಗಿ ಬದುಕುವುದಿಲ್ಲ.

ಒಂದು ಮಧ್ಯಾಹ್ನ ತೋಂಟೇಶ ಓಡಿಬಂದ.

"ಗುರುಗಳೇ, ಕಂಪ್ಯೂಟರಿನೊಳಗೆ ಜಗಳ ಹತ್ತಿದೆ. ವಿಡಿಯೊ ತಂತ್ರಾಂಶ ಅಪ್‌ಡೇಟ್ ಮಾಡಲು ಹೋದೆ. ಅದಕ್ಕೆ ನೆರವಿನ ಪ್ಯಾಕೇಜು ಹೊಸದೇ ಬೇಕಂತೆ. ಉಳಿದವು ಹಳೆಯದನ್ನು ಬಿಡುವುದಿಲ್ಲವಂತೆ. ಎರಡೂ ಒಟ್ಟಿಗೆ ಇರಲಾರವಂತೆ."

"ಕಂಪ್ಯೂಟರು ಏನು ಹೇಳುತ್ತದೆ?"

"ಉದ್ದಕ್ಕೆ ಏನೇನೋ ಹೇಳುತ್ತದೆ. ಓದಲು ಪುರುಸೊತ್ತಿಲ್ಲ. ಸಂಜೆ ಭಕ್ತರು ಕಾಯುತ್ತಿರುತ್ತಾರೆ."

"ಹೋಗಿ ಓದು," ಎಂದರು ಗುರುಗಳು.

ತೋಂಟೇಶ ಹೋದ. ಆದರೆ ಓದಲಿಲ್ಲ. ಸ್ವಲ್ಪ ಹೊತ್ತಿಗೆ ಮರಳಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು, ಏಕೆಂದರೆ ಪರದೆ ಕಪ್ಪಾಗಿತ್ತು.

"ಜಗಳ ನಿಂತಿತೇ?"

"ನಿಂತಿತು, ಗುರುಗಳೇ. ಜಗಳವಾಡಲು ಯಾರೂ ಉಳಿದಿಲ್ಲ."

ಹೊಸದಕ್ಕೆ ಜಾಗ ಮಾಡಿಕೊಡಲು ಕಂಪ್ಯೂಟರು ಹಳೆಯದನ್ನೂ ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳನ್ನೂ ತೆಗೆದುಹಾಕಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಪ್ಯಾಕೇಜುಗಳೂ ಅವುಗಳಲ್ಲೇ ಇದ್ದವು. ಈಗ ಕಪ್ಪಿನ ಮೇಲೆ ಬರೀ ಅಕ್ಷರ.

"ಅದು ನಿನ್ನನ್ನು ಎಚ್ಚರಿಸಲಿಲ್ಲವೇ?"

"ಎಚ್ಚರಿಸಿತು. ಇದರಿಂದ ಕೇಡಾಗುತ್ತದೆ, ಆದರೂ ಬೇಕೇ ಬೇಕೆಂದರೆ ಒಂದು ವಾಕ್ಯ ಬರೆ ಅಂದಿತು."

"ಯಾವ ವಾಕ್ಯ?"

ತೋಂಟೇಶ ತಲೆ ತಗ್ಗಿಸಿದ. "'ಹೌದು, ನಾನು ಹೇಳಿದಂತೆ ಮಾಡು.'"

"ಬರೆದೆಯಾ?"

"ಒಂದಕ್ಷರ ತಪ್ಪಿಲ್ಲದೆ ಬರೆದೆ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಪ ಮರೆಮಾಚುವ ನಗುವಲ್ಲ, ನಿಜವಾದ ನಗು. ಆಮೇಲೆ ಎದ್ದು ಹೋಗಿ ಕಂಪ್ಯೂಟರಿನ ಪಕ್ಕದಲ್ಲಿ ಕುಳಿತರು. ಅದನ್ನು ನಡೆಸಲು ಅವರಿಗೆ ಬರುತ್ತಿರಲಿಲ್ಲ. ಸುಮ್ಮನೆ ಕುಳಿತರು, ಅಷ್ಟೇ.

"ಹೊಸ ತಂತ್ರಾಂಶ ಏಕೆ ಬೇಕಾಗಿತ್ತು, ತಮ್ಮಾ?"

"ಅದು ವಿಡಿಯೊದಲ್ಲಿ ನಿಮ್ಮ ಹಿಂದೆ ಹಿಮಾಲಯ ಇರುವಂತೆ ತೋರಿಸುತ್ತದೆ."

"ಈಗ ನನ್ನ ಹಿಂದೆ ಏನು ಕಾಣುತ್ತದೆ?"

"ಒಣಹಾಕಿದ ಬಟ್ಟೆ. ಒಂದೊಂದು ದಿನ ಎಮ್ಮೆ."

"ಭಕ್ತರು ದೂರಿದ್ದಾರೆಯೇ?"

"ಇಲ್ಲ. ಎಮ್ಮೆ ಬರದ ದಿನ, ಯಾಕೆ ಬಂದಿಲ್ಲ ಅಂತ ಕೇಳುತ್ತಾರೆ."

"ಹಾಗಾದರೆ ಹೊಸದನ್ನು ಬಿಡು. ತೆಗೆದದ್ದನ್ನು ತಿರುಗಿ ಹಾಕು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದು, ನನಗೂ ಕೇಳಲಿ."

ಏನೇನು ತೆಗೆದೆನೆಂದು ಕಂಪ್ಯೂಟರು ಬರೆದಿಟ್ಟುಕೊಂಡಿತ್ತು. ತೋಂಟೇಶ ಮಂತ್ರ ಹೇಳುವಂತೆ ಅದನ್ನು ಓದುತ್ತ, ಒಂದೊಂದಾಗಿ ಎಲ್ಲವನ್ನೂ ಮರಳಿ ಹಾಕಿದ. ಪರದೆ ಬೆಳಗಿತು. ಪ್ರವಚನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಅವನು ಗುರುಗಳ ಕಾಲು ಮುಟ್ಟಿದ.

"ತಪ್ಪಾಯಿತು, ಗುರುಗಳೇ. ಇನ್ನು ಮೇಲೆ ಹಿಂದೆಮುಂದೆ ನೋಡದೆ ನೀವು ಹೇಳಿದಂತೆಯೇ ಮಾಡುತ್ತೇನೆ."

"ಬೇಡಪ್ಪಾ," ಎಂದರು ಗುರುಗಳು. "ಹಾಗೆ ಮಾಡಿದ ಕಂಪ್ಯೂಟರಿನ ಗತಿ ಈಗ ತಾನೇ ನೋಡಿದೆಯಲ್ಲ."